ಎರಡು ರಿಂಗ್ ರೋಡುಗಳ ನಡುವಿನ ಆರ್.ಕೆ.ಪುರಂ

ದೆಹಲಿಯ ಕನ್ನಡಿಗರಿಗೆ ಆರ್.ಕೆ.ಪುರಂ ಎಂದೊಡನೆ ನೆನಪಾಗುವುದು ಸೆಕ್ಟರ್ 12ರಲ್ಲಿ, ರಾವ್ ತುಲಾರಾಂ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘ. ನಾಟಕಕ್ಕೋ ರಾಜ್ಯೋತ್ಸವಕ್ಕೋ ಬಂದವರು ಮೊದಲು ಗೊಣಗುವುದು ಹೊರಗಿನ ಟ್ರಾಫಿಕ್ಕಿನ ಬಗ್ಗೆ. ಈ ಬಡಾವಣೆಯ ಕಥೆಯೂ ಬಹುಮಟ್ಟಿಗೆ ದಾರಿಗಳ ಕಥೆಯೇ. ಉತ್ತರಕ್ಕೆ ರಿಂಗ್ ರೋಡ್, ಅದರಾಚೆ ರೈಲು ಹಳಿ, ದಕ್ಷಿಣಕ್ಕೆ ಔಟರ್ ರಿಂಗ್ ರೋಡ್. ಇವುಗಳ ನಡುವೆ ಸಿಕ್ಕಿಕೊಂಡಿರುವುದು ರಾಮಕೃಷ್ಣ ಪರಮಹಂಸರ ಹೆಸರು ಹೊತ್ತ ರಾಮಕೃಷ್ಣಪುರಂ.

ಸರ್ಕಾರಿ ಕ್ವಾರ್ಟರ್ಸುಗಳು ಬರುವ ಮುನ್ನ ಇದು ಹೊಲಗಳ ಸೀಮೆ. ಮುನಿರ್ಕಾ, ಮಹಮ್ಮದ್‌ಪುರ, ಬಸಂತ್ ಗಾಂವ್ ಇಲ್ಲಿನ ಹಳೆಯ ಹಳ್ಳಿಗಳು. ಮುನಿರ್ಕಾ, ಮಹಮ್ಮದ್‌ಪುರಗಳಲ್ಲಿ ಟೋಕಸ್ ಎಂಬ ಅಡ್ಡಹೆಸರಿನ ಜಾಟರದೇ ದೊಡ್ಡ ಸಂಖ್ಯೆ. ಹಳೆಯ ಕಾಲದ ಸಾಕ್ಷಿಯಾಗಿ ಸೆಕ್ಟರ್ 5ರಲ್ಲಿ ವಜೀರ್‌ಪುರದ ಗುಮ್ಮಟಗಳಿವೆ, ಪಕ್ಕದಲ್ಲೇ ಮೆಟ್ಟಿಲುಬಾವಿ. ಸೆಕ್ಟರ್ 3ರಲ್ಲಿ ಬಿಜ್ರಿ ಖಾನನ ಗೋರಿ ಇದೆ. ಇವೆಲ್ಲ ಲೋದಿ ಕಾಲದವು.

ಸ್ವಾತಂತ್ರ್ಯದ ನಂತರ ರಾಜಧಾನಿಗೆ ನೌಕರರು ತುಂಬಿಕೊಂಡರು. ಅವರಿಗೆ ಮನೆ ಬೇಕಾಯಿತು. ಹಳ್ಳಿಗಳ ಹೊಲಗಳು ಭೂಸ್ವಾಧೀನವಾದವು. ಉಳಿದದ್ದು ಲಾಲ್ ಡೋರಾ ಒಳಗಿನ ಊರು ಮಾತ್ರ, ಅಂದರೆ ಕಂದಾಯದ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ಗುರುತಿಸಿದ ವಾಸದ ಜಾಗ. ಬೇಸಾಯ ಹೋದ ಮೇಲೆ ಊರವರು ಅಷ್ಟರಲ್ಲೇ ಮಹಡಿಯ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರು. ಇವತ್ತು ಮುನಿರ್ಕಾದ ಗಲ್ಲಿಗಳಲ್ಲಿ ಈಶಾನ್ಯ ರಾಜ್ಯಗಳ ಹುಡುಗರೂ ಜೆಎನ್‌ಯು ವಿದ್ಯಾರ್ಥಿಗಳೂ ಬಾಡಿಗೆಗಿದ್ದಾರೆ. ಕೆಂಪು ಗೆರೆಯ ಹೊರಗೆ ಅಗಲವಾದ ಬೀದಿ, ಪಾರ್ಕು, ಬೇವಿನ ಮರಗಳಿದ್ದರೆ ಒಳಗೆ ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು.

ರೈಲಿನದು ಇನ್ನೊಂದು ಕಥೆ. ರಸ್ತೆಗೆ ಹೆಸರು ಕೊಟ್ಟ ರಾವ್ ತುಲಾರಾಂ 1857ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರೇವಾರಿಯ ಮುಖಂಡ. ಅವನು ತೀರಿಕೊಂಡ ಹತ್ತು ವರ್ಷಕ್ಕೆ, 1873ರಲ್ಲಿ, ದೆಹಲಿಯಿಂದ ಅವನ ರೇವಾರಿಗೇ ಬ್ರಿಟಿಷರ ರೈಲು ಓಡಿತು. 1975ರಲ್ಲಿ, ಆರ್.ಕೆ.ಪುರಂನ ಉತ್ತರದ ಹಳಿಯೂ ಸೇರಿದ ರಿಂಗ್ ರೈಲ್ವೆ ಬಂತು. ನಗರದ ನಡುವಿನ ಕಿಕ್ಕಿರಿದ ನಿಲ್ದಾಣಗಳನ್ನು ತಪ್ಪಿಸಿ ಗೂಡ್ಸ್ ಗಾಡಿಗಳು ಸುತ್ತು ಬಳಸಿ ಹೋಗುವಂತೆ ಮಾಡುವುದು ಅದರ ಉದ್ದೇಶ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಅದನ್ನು ಪ್ರಯಾಣಿಕರಿಗಾಗಿ ಸಜ್ಜುಗೊಳಿಸಿದರೂ ಜನ ಬಸ್ಸನ್ನೇ ನೆಚ್ಚಿಕೊಂಡರು.

ಗೂಡ್ಸ್ ಗಾಡಿ ಎಂದರೆ ಕಲ್ಲಿದ್ದಲು ನೆನಪಾಗುತ್ತದೆ. ಈ ನೆಲದಲ್ಲಿ ಕಲ್ಲಿದ್ದಲಿಲ್ಲ. ಅದರ ಲೆಕ್ಕ ಮಾತ್ರ ಇಲ್ಲಿದೆ. ಸೆಕ್ಟರ್ 1ರ ಸೇವಾ ಭವನದಲ್ಲಿರುವ ಕೇಂದ್ರ ವಿದ್ಯುತ್ ಪ್ರಾಧಿಕಾರ ದೇಶದ ಶಾಖೋತ್ಪನ್ನ ಸ್ಥಾವರಗಳ ಕಲ್ಲಿದ್ದಲು ದಾಸ್ತಾನನ್ನು ದಿನದಿನವೂ ಪ್ರಕಟಿಸುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ ಎಷ್ಟು ದಿನಕ್ಕಾಗುವ ಕಲ್ಲಿದ್ದಲು ಇದೆ ಎಂಬ ಅಂಕಿಯೂ ಆ ಪಟ್ಟಿಯಲ್ಲಿರುತ್ತದೆ. ಗಣಿ ಇರುವ ಕಡೆ ದಾರಿಗಳ ಪಾಡೇ ಬೇರೆ. ಜಾರ್ಖಂಡಿನ ಝರಿಯಾ ಸೀಮೆಯಲ್ಲಿ ನೆಲದಡಿಯ ಬೆಂಕಿಗೆ ಹೆದರಿ ಧನ್‌ಬಾದ್–ಚಂದ್ರಪುರ ರೈಲು ಮಾರ್ಗವನ್ನು 2017ರ ಜೂನ್‌ನಲ್ಲಿ ಮುಚ್ಚಿ, 2019ರಲ್ಲಿ ಮತ್ತೆ ತೆರೆದರು. ಅಲ್ಲಿ ಕಲ್ಲಿದ್ದಲಿಗಾಗಿ ಊರು, ರಸ್ತೆ, ಹಳಿ ಎಲ್ಲವೂ ಜಾಗ ಬಿಡಬೇಕಾಗುತ್ತದೆ.

ಆರ್.ಕೆ.ಪುರಂನಲ್ಲಿ ರಸ್ತೆ ಸರಿಸಲು ಜಾಗವೇ ಉಳಿದಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ವಾಹನಗಳು ರಾವ್ ತುಲಾರಾಂ ಮಾರ್ಗದಲ್ಲಿ ನಿಂತಲ್ಲೇ ನಿಲ್ಲತೊಡಗಿದವು. ಮೇಲ್ಸೇತುವೆ ಕಟ್ಟಿದರು, ಅದೂ ಸಾಲದಾಯಿತು. ಪಕ್ಕದಲ್ಲೇ ಎರಡನೆಯದನ್ನು 2014ರಲ್ಲಿ ಶುರುಮಾಡಿ, ಗಡುವುಗಳನ್ನು ದಾಟಿಸಿ, 2019ರ ಜುಲೈನಲ್ಲಿ ತೆರೆದರು. ಅಷ್ಟರೊಳಗೆ, 2018ರ ಮೇನಲ್ಲಿ, ನೆಲದಡಿಯ ಮೆಟ್ರೊ ಆರ್.ಕೆ.ಪುರಂ, ಮುನಿರ್ಕಾ ನಿಲ್ದಾಣಗಳನ್ನು ತಲುಪಿತ್ತು.

ದಾರಿ ಮೇಲಕ್ಕೇರಿತು, ಕೆಳಕ್ಕಿಳಿಯಿತು. ಅದಕ್ಕೆ ಮೊದಲ ಬೆಲೆ ತೆತ್ತವರು ಹೊಲ ಬಿಟ್ಟುಕೊಟ್ಟ ಹಳ್ಳಿಯವರು. ಬೆಂಗಳೂರಿನ ಸುತ್ತ ಹೊಸ ವರ್ತುಲ ರಸ್ತೆಗಳ ಗೆರೆ ಎಳೆಯುವವರು ಒಮ್ಮೆ ಮುನಿರ್ಕಾದ ಗಲ್ಲಿಯಲ್ಲಿ ನಡೆದು ಬರಬೇಕು. ಹೊಲಕ್ಕೆ ಪರಿಹಾರ ಕೊಟ್ಟು ಊರನ್ನು ಗೆರೆಯೊಳಗೆ ಅದರ ಪಾಡಿಗೆ ಬಿಡುವುದು ಯೋಜನೆಯಲ್ಲ. ಆ ಊರಿಗೂ ಬೀದಿ, ಚರಂಡಿ, ಬಯಲು ಬೇಕೆಂಬುದು ಮೊದಲ ನಕ್ಷೆಯಲ್ಲೇ ಇರಬೇಕು.