ಮಾಲಿ ದೇಶದ ಕಾಡುನೆಲ್ಲು, ನಮ್ಮ ಸೋನಾ

ಹೋದ ಮುಂಗಾರಿನಲ್ಲಿ ಕಾಲುವೆ ಕೆಳಗಿನ ನಮ್ಮ ಎರಡೆಕರೆ ಸೋನಾ ನೆಲ್ಲು, ತೆನೆ ಬಿಚ್ಚೋ ಹೊತ್ತಿಗೆ ಎಲೆ ತುದಿಯಿಂದ ಒಣಗ್ತಾ ಬಂತು. ಎರಡು ದಿನ ಗಾಳಿ-ಮಳೆ ಹೊಡೆದಿತ್ತು. ಅಂಚಿನಲ್ಲಿ ಅಲೆಅಲೆಯಾಗಿ ಹಳದಿ, ಆಮೇಲೆ ಒಣಹುಲ್ಲಿನ ಬಣ್ಣ. ಬೆಂಕಿ ರೋಗ ಅಂದ್ಕೊಂಡು ಅಂಗಡಿಯಲ್ಲಿ ಕೊಟ್ಟ ಔಷಧಿ ಹೊಡೆದೆ, ದುಡ್ಡು ಹೋಯ್ತು. ಆಮೇಲೆ ಹಿರಿಯರೊಬ್ಬರು, 'ಎಲೆ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಟ್ಟು ನೋಡ್ರಿ' ಅಂದ್ರು. ಇಟ್ಟೆ. ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ನೀರಿಗೆ ಇಳೀತು. ಅದು ಶಿಲೀಂಧ್ರ ಅಲ್ಲ, ದುಂಡಾಣು. ಅಂದ್ರೆ ದುಂಡಾಣು ಎಲೆ ಅಂಗಮಾರಿ. ಅರ್ಧಕ್ಕರ್ಧ ಚೀಲ ಕಳಕೊಂಡೆ.

ಅಂದಿನಿಂದ ಈ ರೋಗದ ಇತಿಹಾಸ ಓದೋ ಹುಚ್ಚು ಹಿಡೀತು. ಇದನ್ನ ಮೊದಲು ಗುರುತಿಸಿದವರೂ ರೈತರೇ, 1884ರಲ್ಲಿ, ಜಪಾನಿನ ಫುಕುವೊಕಾ ಕಡೆ. ಮದ್ದು ಸಿಕ್ಕ ಕಥೆ ಮಾತ್ರ ಆಫ್ರಿಕಾದಿಂದ ಶುರುವಾಗ್ತದೆ. ಮಾಲಿ ದೇಶದ ಒಂದು ಕಾಡುನೆಲ್ಲು, ಒರೈಜಾ ಲಾಂಗಿಸ್ಟಾಮಿನೇಟಾ. ನಾವು ನೋಡಿದ್ರೆ ಕಳೆ ಅಂತ ಕಿತ್ತು ಬದುವಿಗೆ ಎಸೀತಿದ್ವಿ. 1970ರ ದಶಕದಲ್ಲಿ ಒಡಿಶಾದ ಕಟಕ್‌ನ ಅಕ್ಕಿ ಸಂಶೋಧನಾ ಕೇಂದ್ರದಲ್ಲಿ ಅದಕ್ಕೆ ಈ ರೋಗ ಹತ್ತೋದಿಲ್ಲ ಅನ್ನೋದು ಗೊತ್ತಾಯ್ತು. ಫಿಲಿಪ್ಪೀನ್ಸ್‌ನ ಇರ್ರಿಯಲ್ಲಿ ನಮ್ಮ ಪಂಜಾಬಿನ ಗುರುದೇವ್ ಖುಷ್ ಅವರ ತಂಡ ವರ್ಷಗಟ್ಟಲೆ ಸಂಕರ ಮಾಡಿ ಆ ಗುಣವನ್ನ ನಾಟಿ ಮಾಡೋ ನೆಲ್ಲಿಗೆ ತಂತು. 1990ರಲ್ಲಿ ವರದಿ ಬಂತು. ಅದರ ಹೆಸರು ಎಕ್ಸ್‌ಎ21.

1995ರಲ್ಲಿ ಅಮೆರಿಕದ ಡೇವಿಸ್‌ನಲ್ಲಿ ಪಮೇಲಾ ರೊನಾಲ್ಡ್ ಅವರ ತಂಡ ಆ ಒಂದು ಜೀನನ್ನೇ ಬೇರ್ಪಡಿಸಿ, ರೋಗ ಹತ್ತೋ ನೆಲ್ಲಿಗೆ ಸೇರಿಸಿತು. ಆ ಗಿಡ ರೋಗ ತಡೀತು. ಜೀನು ಮಾಡೋದು ಒಂದು ರಿಸೆಪ್ಟರ್. (ಕನ್ನಡದಲ್ಲಿ ಗ್ರಾಹಕ ಅಂತ ಬರೆದ್ರೆ ಅಂಗಡಿ ಗಿರಾಕಿ ಅಂದ್ಕೊಂಡೀರಿ, ಅದಕ್ಕೇ ರಿಸೆಪ್ಟರ್ ಅಂತಲೇ ಇರಲಿ.) ಗಿಡಕ್ಕೆ ನಮ್ಮ ಹಾಗೆ ರಕ್ತದಲ್ಲಿ ಓಡಾಡೋ ಕಾವಲುಗಾರರಿಲ್ಲ, ಪ್ರತಿ ಜೀವಕೋಶವೂ ತನ್ನ ಮನೆ ತಾನೇ ಕಾಯಬೇಕು. ಈ ರಿಸೆಪ್ಟರಿನ ಒಂದು ತುದಿ ಕೋಶದ ಹೊರಗೆ ಚಾಚಿಕೊಂಡು ದುಂಡಾಣು ಬಿಡೋ ವಸ್ತುವನ್ನ ಮುಟ್ಟಿ ಗುರುತಿಸ್ತದೆ, ಒಳಗಿನ ತುದಿ ಕೋಶವನ್ನ ಎಬ್ಬಿಸ್ತದೆ.

ಮುಟ್ಟೋದು ಯಾವುದನ್ನ? ಇಲ್ಲೇ ನನಗೆ ಬಹಳ ಹಿಡಿಸಿದ ಸಂಗತಿ. 2009ರಲ್ಲಿ ಅದೇ ತಂಡ ಉತ್ತರ ಸಿಕ್ತು ಅಂತ ಪ್ರಕಟಿಸಿತು. ಆಮೇಲೆ ಲ್ಯಾಬಿಗೆ ಬಂದ ಹೊಸಬರು ಅದೇ ಪ್ರಯೋಗ ಮಾಡಿದ್ರೆ ತಾಳೆ ಆಗಲಿಲ್ಲ. ಕೆಲವು ದುಂಡಾಣುಗಳ ಲೇಬಲ್ಲೇ ತಪ್ಪಿತ್ತು. ರೊನಾಲ್ಡ್ ತಾವೇ ಎಲ್ಲರೆದುರು ಹೇಳಿ, 2013ರಲ್ಲಿ ಪ್ರಬಂಧ ವಾಪಸ್ ತಗೊಂಡ್ರು. 2015ರಲ್ಲಿ ರ್‍ಯಾಕ್ಸ್‌ಎಕ್ಸ್ ಅನ್ನೋ ಸಣ್ಣ ಪ್ರೋಟೀನು ಸಿಕ್ತು. ಬೀಜದ ಚೀಲದ ಲೇಬಲ್ ತಪ್ಪಿದ್ರೆ ಏನಾಗ್ತದೆ ಅಂತ ನಮಗೆ ಗೊತ್ತಲ್ಲ, ಒಪ್ಕೊಳ್ಳೋರು ಎಷ್ಟು ಜನ ಅಂತಾನೂ ಗೊತ್ತು.

ಮಾಲಿಗೆ ಏನು ಸಿಕ್ತು? ಆ ಜೀನಿನಿಂದ ಕಂಪನಿಗಳು ದುಡಿದ್ರೆ ಒಂದು ಪಾಲು ಕಾಡುನೆಲ್ಲಿನ ನಾಡಿಗೆ ಹೋಗ್ಲಿ ಅಂತ 1996ರಲ್ಲಿ ಡೇವಿಸ್‌ನಲ್ಲಿ ನಿಧಿ ಮಾಡಿದ್ರು. ಕಂಪನಿಗಳು ಬೆಳೆ ಹೊರತರಲೇ ಇಲ್ಲ, ರಾಯಧನವೂ ಬರಲಿಲ್ಲ.

ನಮಗೆ ಬಂದಿದ್ದು ಬೇರೆ ದಾರಿಯಲ್ಲಿ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿಸಿಎಂಬಿಯವರು ಬಿಪಿಟಿ 5204ಕ್ಕೆ ಈ ಜೀನಿನ ಜೊತೆ ಇನ್ನೆರಡು, ಎಕ್ಸ್‌ಎ5 ಮತ್ತು ಎಕ್ಸ್‌ಎ13, ಸೇರಿಸಿದ್ರು. ಕುಲಾಂತರಿ ಅಲ್ಲ, ಸಂಕರ ಮಾಡಿ, ಡಿಎನ್‌ಎ ಗುರುತು ನೋಡಿ ಆರಿಸಿದ್ದು. 2008ರಲ್ಲಿ ಇಂಪ್ರೂವ್ಡ್ ಸಾಂಬಾ ಮಸೂರಿ ಅಂತ ಬಿಡುಗಡೆ ಆಯ್ತು. ಮೂರು ಯಾಕೆ ಅಂದ್ರೆ, ಒಂದೇ ಬೀಗ ಇದ್ದರೆ ದುಂಡಾಣು ಎಂದಾದರೂ ಅದಕ್ಕೆ ಕೀಲಿ ಮಾಡ್ಕೊಳ್ತದೆ.

ಈಗಂತೂ ಸಾಸಿವೆ ಜಾತಿಯ ಪುಟ್ಟ ಗಿಡದ ರಿಸೆಪ್ಟರನ್ನ ಟೊಮ್ಯಾಟೊಗೆ ಹಾಕಿ ನೋಡಿದ್ದಾರೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಬೆಂಕಿ ರೋಗ ಗುರುತಿಸೋ ನೆಲ್ಲಿನ ರಿಸೆಪ್ಟರನ್ನ ಬಿಚ್ಚಿ, ಒಂಟೆ ಜಾತಿಯ ಪ್ರಾಣಿಗಳಲ್ಲಿರೋ ಪ್ರತಿಕಾಯದ ತುಂಡು ಜೋಡಿಸಿದ್ದಾರೆ. ಗದ್ದೆಗೆ ಬರೋದು ದೂರ.

2008ರ ತಳಿ ನನಗೆ ತಿಳಿದಿದ್ದು ಬೆಳೆ ಹೋದ ಮೇಲೆ. ಈ ಸಲ ಅದೇ ಎರಡೆಕರೆಯಲ್ಲಿ ಒಂದಕ್ಕೆ ಅದನ್ನ, ಇನ್ನೊಂದಕ್ಕೆ ಹಳೇ ಸೋನಾ ಹಾಕ್ತಿದ್ದೀನಿ. ಸಸಿಗೆ ಇಪ್ಪತ್ತೆರಡು ದಿನ ಆಗಿದೆ, ಕಾಲುವೆ ನೀರು ಬಂದ್ರೆ ಸೋಮವಾರ ನಾಟಿ.