ಶಾಲೆಗಳಲ್ಲಿ ಸಾಂಕ್ರಾಮಿಕ ರೋಗ ನಿರ್ವಹಣೆ ಮತ್ತು ವಿದ್ಯಾರ್ಥಿಗಳ ಆರೋಗ್ಯ ಗೌಪ್ಯತೆ (ಮಂಗಳೂರು)

ಕಾಯಿಲೆ ಬಿದ್ದ ಮಗುವಿನ ಬಗ್ಗೆ ಯಾರಿಗೆ ಎಷ್ಟು ತಿಳಿಯಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ರೋಗ ಹರಡುವ ಬಗೆ. ಎಲ್ಲ ರೋಗಗಳಿಗೂ ಒಂದೇ ನಿಯಮ ಹೊಂದುವುದಿಲ್ಲ. 1990ರ ದಶಕದಿಂದ ಮಲೇರಿಯಾ ಬೇರೂರಿದ ಮಂಗಳೂರಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಸೊಳ್ಳೆಯಿಂದ ಹರಡುವ ರೋಗಗಳು

ನಗರದಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟೀಫನ್ಸಿ. ಕಟ್ಟಡ ಕಾಮಗಾರಿಯಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕಿ ಮತ್ತು ಬಾವಿಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಕಚ್ಚುವುದು ಹೆಚ್ಚಾಗಿ ಸಂಜೆಯ ಮೇಲೆ ಮತ್ತು ರಾತ್ರಿ. ಆದ್ದರಿಂದ ವಿದ್ಯಾರ್ಥಿಗೆ ಮಲೇರಿಯಾ ಬಂದರೆ ಮೊದಲು ತಪಾಸಣೆ ನಡೆಯಬೇಕಾದದ್ದು ಮನೆಯ ಆಸುಪಾಸಿನಲ್ಲಿ, ಹಾಸ್ಟೆಲಿನಲ್ಲಿರುವವರಾದರೆ ಹಾಸ್ಟೆಲಿನಲ್ಲಿ. ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುವ ಸೊಳ್ಳೆ. ಅಲ್ಲಿ ಶಾಲೆಯ ಆವರಣವೇ ಸಂಶಯಕ್ಕೆ ಒಳಗಾಗುತ್ತದೆ: ಹಿತ್ತಲಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಟಾರ್ಪಾಲಿನ ಮಡಿಕೆ, ಎಲೆ ಕಟ್ಟಿಕೊಂಡ ತಾರಸಿಯ ದಂಬೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲುವ ಪದ್ಧತಿ ಬಂದದ್ದು ಈ ಲೆಕ್ಕದಿಂದ. 2019ರ ಮಳೆಗಾಲದಲ್ಲಿ ಗುಜ್ಜರಕೆರೆ ಸುತ್ತಮುತ್ತ ಡೆಂಗಿ ಹಬ್ಬಿದಾಗ ಈ ಕೆಲಸದ ತುರ್ತು ಊರಿಗೆಲ್ಲ ಅರಿವಾಯಿತು.

2015ರ ಅಕ್ಟೋಬರಿನಿಂದ ನಗರದ ಮಲೇರಿಯಾ ಕಾರ್ಯಕರ್ತರು ಟ್ಯಾಬ್‌ಗಳನ್ನು ಬಳಸತೊಡಗಿದರು. ವರದಿಯಾದ ಪ್ರಕರಣದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಸುತ್ತಲಿನ ಮನೆಗಳಿಗೆ ಹೋಗಿ ರಕ್ತಪರೀಕ್ಷೆ ಮತ್ತು ಲಾರ್ವಾ ನಾಶ ನಡೆಸುವ ವ್ಯವಸ್ಥೆ ಇದು. ಇಲ್ಲಿ ಆರೋಗ್ಯ ಇಲಾಖೆಗೆ ವಿಳಾಸ ಬೇಕೇ ಬೇಕು. ಸಹಪಾಠಿಗಳಿಗೆ ಮಾತ್ರ ರೋಗಿಯ ಹೆಸರಿನಿಂದ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ಮಲೇರಿಯಾ ಬೆಂಚಿನಿಂದ ಬೆಂಚಿಗೆ ದಾಟುವುದಿಲ್ಲ. ವೈವ್ಯಾಕ್ಸ್ ಮಲೇರಿಯಾಕ್ಕೆ ಪ್ರಿಮಾಕ್ವಿನ್ ಮಾತ್ರೆ ಸಾಮಾನ್ಯವಾಗಿ 14 ದಿನ ನಡೆಯುತ್ತದೆ, ಜ್ವರವೋ ಅದಕ್ಕಿಂತ ಎಷ್ಟೋ ಮೊದಲೇ ಬಿಡುತ್ತದೆ. ಚೇತರಿಸಿಕೊಂಡ ಮಗು ಮಾತ್ರೆ ನುಂಗುತ್ತಲೇ ಶಾಲೆಗೆ ಬರಬಹುದು. ಅದನ್ನು ದೂರ ಕೂರಿಸುವುದು ಅನ್ಯಾಯ.

ನೇರ ಸೋಂಕುಗಳು

ಸೀತಾಳೆ ಸಿಡುಬಿನ ಗುಳ್ಳೆಗಳೆಲ್ಲ ಹಕ್ಕಳೆಗಟ್ಟುವ ತನಕ, ದಡಾರದಲ್ಲಿ ದದ್ದು ಕಾಣಿಸಿದ ಮೇಲೆ 4 ದಿನ, ಮಂಗನಬಾವಿನಲ್ಲಿ ಊತ ಶುರುವಾದ ಮೇಲೆ 5 ದಿನ ಮನೆಯಲ್ಲಿರಿಸುವುದು ವಾಡಿಕೆ. ತರಗತಿಯ ಪೋಷಕರಿಗೆ ರೋಗದ ಹೆಸರು ಮತ್ತು ಲಕ್ಷಣಗಳನ್ನು ತಿಳಿಸಿದರೆ ಸಾಕು, ಮಗುವಿನ ಹೆಸರು ಬೇಡ.

ಕಾನೂನು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಪೀಠದ ಪ್ರಮುಖ ಅಭಿಪ್ರಾಯದಲ್ಲಿ ಉದಾಹರಣೆಯಾಗಿ ಬಂದದ್ದು ಮಲೇರಿಯಾ ಮತ್ತು ಡೆಂಗಿ ಎಂಬುದು ಮಂಗಳೂರಿನವರು ಗಮನಿಸಬೇಕಾದ ಸಂಗತಿ: ವ್ಯಕ್ತಿಯ ಗುರುತು ಮರೆಮಾಚಿದರೆ, ಇಂಥ ಪಿಡುಗುಗಳನ್ನು ಎದುರಿಸಲು ಸರಕಾರ ಆಸ್ಪತ್ರೆಯ ದಾಖಲೆಗಳನ್ನು ವಿಶ್ಲೇಷಿಸಬಹುದು.

ಎಚ್‌ಐವಿ ಸೋಂಕಿನ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಶಾಲೆಗೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿಸುವಂತಿಲ್ಲ, ಸೋಂಕಿದೆಯೆಂದು ಪ್ರವೇಶ ನಿರಾಕರಿಸುವಂತಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಕೇಳುತ್ತದೆ. ಪಿಡುಗಿನ ಕಾಲದ ಚಿಕಿತ್ಸೆಗೆ ವಿನಾಯಿತಿಯೂ ಅದರಲ್ಲಿದೆ. ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಕಾಯಿಲೆಯ ಹೆಸರು ಬರೆದ ರಜಾ ಚೀಟಿಗಳ ಕಟ್ಟು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿದ್ದರೆ ಈ ಕಾಯ್ದೆ ಅದನ್ನು ಕಾಯುವುದಿಲ್ಲ. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಹೊಣೆ ಮುಖ್ಯೋಪಾಧ್ಯಾಯರದ್ದು.