ಆಮ್ಲ–ಪ್ರತ್ಯಾಮ್ಲ ಪರೀಕ್ಷೆಯ ಇತಿಹಾಸ

ಒಂದು ವಸ್ತು ಆಮ್ಲೀಯವೋ ಪ್ರತ್ಯಾಮ್ಲೀಯವೋ, ಎಷ್ಟರಮಟ್ಟಿಗೆ ಎಂದು ತಿಳಿಯಲು ಮನುಷ್ಯ ಮೊದಲು ನಂಬಿದ್ದು ನಾಲಿಗೆ ಮತ್ತು ಬೆರಳನ್ನು. ಹುಣಸೆ, ನಿಂಬೆ, ಮಜ್ಜಿಗೆಯ ಹುಳಿ ಆಮ್ಲದ್ದು. ಬೂದಿನೀರಿನ ಜಾರು ಗುಣ ಪ್ರತ್ಯಾಮ್ಲದ್ದು. ಬಣ್ಣದ ಪರೀಕ್ಷೆಯೂ ನಮ್ಮ ಮನೆಗಳಿಗೆ ಹೊಸದಲ್ಲ. ಆರತಿಯ ನೀರಿಗೆ ಅರಿಸಿನ, ಸುಣ್ಣ ಕದಡಿದಾಗ ಅರಿಸಿನದ ಕರ್ಕ್ಯುಮಿನ್ ಕೆಂಪಾಗುತ್ತದೆ. ನಿಂಬೆ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ.

ಪ್ರಾಚೀನ ವೈದ್ಯಗ್ರಂಥ ಸುಶ್ರುತಸಂಹಿತೆ ಕ್ಷಾರಗಳನ್ನು, ಅಂದರೆ ಪ್ರತ್ಯಾಮ್ಲಗಳನ್ನು, ಮೃದು, ಮಧ್ಯಮ, ತೀಕ್ಷ್ಣ ಎಂದು ವಿಂಗಡಿಸಿದೆ. ಕ್ಷಾರ ತಾಗಿ ಸುಟ್ಟ ಜಾಗಕ್ಕೆ ಹುಳಿ ಪದಾರ್ಥ ಹಚ್ಚಬೇಕೆಂದೂ ಹೇಳಿದೆ. ಪರಸ್ಪರ ಶಮನದ ಈ ತಿಳಿವಳಿಕೆ ಅಷ್ಟು ಹಿಂದೆಯೇ ಚಿಕಿತ್ಸೆಯ ನಿಯಮವಾಗಿತ್ತೆಂಬುದು ಗಮನಾರ್ಹ.

ಬಣ್ಣವನ್ನು ವ್ಯವಸ್ಥಿತ ಪರೀಕ್ಷೆಯಾಗಿಸಿದವನು ರಾಬರ್ಟ್ ಬಾಯ್ಲ್. ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕ ಆಮ್ಲದಲ್ಲಿ ಕೆಂಪಾಗಿ, ಕ್ಷಾರದಲ್ಲಿ ಹಸಿರಾಗುವುದನ್ನು ಅವನು 1664ರಲ್ಲಿ ಪ್ರಕಟಿಸಿದ. ಆದರೆ ಕಾರಣ ತಿಳಿಯಲು ಎರಡು ಶತಮಾನಗಳೇ ಹಿಡಿದವು. ಎಲ್ಲ ಆಮ್ಲಗಳಲ್ಲೂ ಆಮ್ಲಜನಕವಿದೆ ಎಂದು ಲವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದಿಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ನೀರಿನಲ್ಲಿ ಬಿಡುಗಡೆಯಾಗುವ ಹೈಡ್ರೋಜನ್ ಅಯಾನುಗಳೇ ಹುಳಿಗೆ ಮೂಲವೆಂಬ ವಿವರಣೆ ಅರ್ಹೇನಿಯಸ್‌ನಿಂದ ಬಂತು.

ಅಳತೆ ಹುಟ್ಟಿದ್ದು ಬಿಯರ್ ತಯಾರಕರ ಪ್ರಯೋಗಾಲಯದಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳನ್ನು ಅಭ್ಯಸಿಸುತ್ತಿದ್ದ ಎಸ್.ಪಿ.ಎಲ್. ಸೊರೆನ್ಸೆನ್‌ಗೆ, ಆಮ್ಲೀಯತೆ ತುಸು ಬದಲಾದರೂ ಕಿಣ್ವದ ಕೆಲಸ ಏರುಪೇರಾಗುವುದು ಕಂಡಿತು. ಹೈಡ್ರೋಜನ್ ಅಯಾನುಗಳ ಪ್ರಮಾಣ ತೀರ ಸಣ್ಣ ಭಿನ್ನರಾಶಿ. ಅದನ್ನು ಲಾಗರಿತಮ್ಮಿಗೆ ಇಳಿಸಿ 1909ರಲ್ಲಿ ಪಿಎಚ್ ಮಾನವನ್ನು ರೂಪಿಸಿದ. ಇದರಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತುಪಟ್ಟು ಏರುತ್ತದೆ. ಶುದ್ಧ ನೀರು 7, ನಿಂಬೆರಸ ಸುಮಾರು 2, ಸುಣ್ಣದ ತಿಳಿ 12ಕ್ಕೂ ಹೆಚ್ಚು.

ಉಪಕರಣ ಬಂದದ್ದೂ ನಿಂಬೆಯಿಂದಲೇ. ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಘದಲ್ಲಿ ನಿಂಬೆರಸ ಕೆಡದಂತೆ ಸೇರಿಸುತ್ತಿದ್ದ ಸಲ್ಫರ್ ಡೈಆಕ್ಸೈಡ್, ಆಮ್ಲೀಯತೆಯನ್ನು ಬಣ್ಣದಿಂದ ತೋರಿಸುವ ಲಿಟ್ಮಸ್‌ನ ಬಣ್ಣವನ್ನೇ ಅಳಿಸುತ್ತಿತ್ತು. ಅಲ್ಲಿನ ರಸಾಯನಜ್ಞ ಗ್ಲೆನ್ ಜೋಸೆಫ್ ಕೇಳಿಕೊಂಡದ್ದಕ್ಕೆ ಆರ್ನಲ್ಡ್ ಬೆಕ್‌ಮನ್ 1934ರಲ್ಲಿ ಗಾಜಿನ ವಿದ್ಯುದಗ್ರಕ್ಕೆ ನಿರ್ವಾತ ನಳಿಕೆಯ ವರ್ಧಕ ಜೋಡಿಸಿ ಪಿಎಚ್ ಮೀಟರ್ ರಚಿಸಿದ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮೀಟರಿಲ್ಲದ ಪರೀಕ್ಷೆಯೊಂದು ಇದೆ. ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋ ಬೇಕು. ಮೈಲುತುತ್ತ ಆಮ್ಲೀಯ, ಸುಣ್ಣ ಅದನ್ನು ತಟಸ್ಥಗೊಳಿಸಬೇಕು. ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಅಲಗಿನ ಮೇಲೆ ಕೆಂಪು ತಾಮ್ರ ಕಟ್ಟಿದರೆ ಸುಣ್ಣ ಸಾಲದು. ಹಾಗೆಯೇ ಸಿಂಪಡಿಸಿದರೆ ಮರಕ್ಕೆ ಸುಟ್ಟ ಗಾಯವಾಗುತ್ತದೆ. ಕೆಂಪು ಕಟ್ಟುವುದು ನಿಲ್ಲುವ ತನಕ ಸುಣ್ಣದ ಹಾಲು ಬೆರೆಸುತ್ತಾರೆ.